ಕೆರೆ ಬ್ಲಾಕಿನ ಐದು ಆನೆಗಳು

ಕೂತಲ್ಲಿ ಕೂರುವುದೂ ಒಂದು ವಿದ್ಯೆಯೇ. ಅದು ನನಗೆ ಒಲಿದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಮದುವೆಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿದರೆ ಸಾಕು, ಧಾರೆಯಿಂದ ಹಿಡಿದು ಊಟದ ಕೊನೇ ಪಂಕ್ತಿಯವರೆಗೂ ಅಲ್ಲಾಡುವುದಿಲ್ಲ. ನಾನು ಹಾಗಲ್ಲ. ಕೂತ ಐದನೇ ನಿಮಿಷಕ್ಕೆ ನನ್ನ ಬಲಗಾಲು ತನ್ನಷ್ಟಕ್ಕೆ ಅಲ್ಲಾಡಲು ಶುರುಮಾಡುತ್ತದೆ, ಏಳನೇ ನಿಮಿಷಕ್ಕೆ ಎಡಗಾಲೂ ಸೇರಿಕೊಳ್ಳುತ್ತದೆ, ಹತ್ತನೇ ನಿಮಿಷಕ್ಕೆ ನಾನು ಎದ್ದು ಬಾಗಿಲ ಹತ್ತಿರ ನಿಂತು ಯಾರೋ ಕರೆದರೇನೋ ಎಂಬಂತೆ ಹೊರಗೆ ನೋಡುತ್ತಿರುತ್ತೇನೆ. "ಕಾಲು ಅಲ್ಲಾಡಿಸ್ಬೇಡಿ, ಮನೆಗೆ ದರಿದ್ರ" ಎಂದು ನನ್ನ ಹೆಂಡತಿ ಸುಮಿತ್ರ ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದಾಳೆ. ಇಂಥ ಕಾಲುಗಳನ್ನಿಟ್ಟುಕೊಂಡು ನಾನು ಮಾಡುವ ಕೆಲಸವಾದರೂ ಎಂಥದ್ದು? ಬಾಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಕೆಲಸದವರ ಹಾಜರಿ ಬರೆಯುವವನು, ನಾಳೆ ಯಾವ ಬ್ಲಾಕಿನಲ್ಲಿ ಕೊಯ್ಲು ಎಂದು ಗೊತ್ತುಮಾಡುವವನು, ಧಣಿಗಳ ಮಾತನ್ನು ಕೆಲಸದವರಿಗೂ ಕೆಲಸದವರ ಮಾತನ್ನು ಧಣಿಗಳಿಗೂ ಮುಟ್ಟಿಸುವವನು. ಹತ್ತೊಂಬತ್ತು ವರ್ಷದಿಂದ ಒಂದೇ ಮೇಜು, ಒಂದೇ ಕುರ್ಚಿ. ಮೇಜಿನ ಕೆಳಗಿನ ಸಿಮೆಂಟು ನನ್ನ ಕಾಲಿನ ದೆಸೆಯಿಂದ ಎರಡು ಕಡೆ ಸವೆದಿದೆ.

ಈ ಚಡಪಡಿಕೆಯ ಇನ್ನೊಂದು ತೊಂದರೆ ಏನೆಂದರೆ, ನಾನು ಯಾವುದನ್ನೂ ಮುಗಿಸಿದವನಲ್ಲ. ಹಿಂದಿ ಪರೀಕ್ಷೆಗೆ ಕಟ್ಟಿದೆ, ಮಧ್ಯಮಾಕ್ಕೆ ನಿಂತಿತು. ಹಾರ್ಮೋನಿಯಂ ತಂದೆ, ಸರಳೆವರಸೆ ದಾಟಲಿಲ್ಲ. ಜೇನುಪೆಟ್ಟಿಗೆ ಇಟ್ಟೆ, ಹುಳುಗಳೇ ಬೇಸತ್ತು ಎದ್ದುಹೋದವು. ಹಿತ್ತಿಲಿನಲ್ಲಿ ಕೋಳಿಗೂಡು ಕಟ್ಟಲು ಶುರುಮಾಡಿ ಮೂರು ಗೋಡೆ ಎಬ್ಬಿಸಿದ್ದೆ. ನಾಲ್ಕನೆಯದಕ್ಕೆ ಮನಸ್ಸು ಬಾರದೆ ಈಗ ಅದರಲ್ಲಿ ಸೌದೆ ಒಟ್ಟಿದ್ದೇವೆ. ಸುಮಿತ್ರ ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ. ಬಂದ ನೆಂಟರಿಗೆ ಕಾಫಿಯ ಜೊತೆ ಇದನ್ನೂ ಬಡಿಸುತ್ತಾಳೆ. "ಇವ್ರ ಕಥೆ ಎಲ್ಲ ಅರ್ಧರ್ಧನೇ ನೋಡಿ. ನಮ್ಮ ಮದುವೇಲೂ ಏಳನೇ ಹೆಜ್ಜೆ ಇಟ್ರೋ ಇಲ್ವೋ ನಂಗೆ ಅನುಮಾನ" ಎನ್ನುತ್ತಾಳೆ. ನೆಂಟರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಲವತ್ತೊಂಬತ್ತು ತುಂಬಿದ ಮೇಲೆ ನೆಂಟರು ನಗುವಾಗ ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗತೊಡಗಿದೆ. ಸಾಯುವುದರೊಳಗೆ ಒಂದನ್ನಾದರೂ ಪೂರ್ತಿ ಮುಗಿಸಬೇಕು ಎಂಬ ಹಟ ಹತ್ತಿತು.

ಆಗ ಕಣ್ಣಿಗೆ ಬಿದ್ದದ್ದು ಬಾಳೂರಿನ ಹೋಟೆಲಿನ ಗೋಡೆಗೆ ಅಂಟಿಸಿದ್ದ ಕಾಗದ. ಜನವರಿಯಲ್ಲಿ ಬೆಟ್ಟಗಾಡಿನ ಓಟವಂತೆ. ಬಾಳೂರಿನಿಂದ ಹೊರಟು ಗುಡ್ಡ, ಕಾಡು ದಾಟಿ ಕಳಸದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮುಗಿಯುವುದಂತೆ. ಮೂವತ್ತೆರಡು ಕಿಲೋಮೀಟರ್. ಕಾಲು ತಾನಾಗಿ ಅಲ್ಲಾಡುತ್ತಲೇ ಇದೆ, ಅದನ್ನೇ ಮುಂದಕ್ಕೆ ಬಿಟ್ಟರಾಯಿತು ಎಂದುಕೊಂಡು ಹೆಸರು ಕೊಟ್ಟುಬಿಟ್ಟೆ. ಅಭ್ಯಾಸ ಶುರುಮಾಡಿದ ಮೇಲೆ ಗೊತ್ತಾಯಿತು, ನಮ್ಮ ಕಡೆ ಓಡುವುದು ಕಷ್ಟವಲ್ಲ, ಓಡಲು ಬಿಡುವವರು ಯಾರೂ ಇಲ್ಲ. ಕಾರಣವಿಲ್ಲದೆ ಓಡುವ ಮನುಷ್ಯನನ್ನು ನಮ್ಮ ಜನ ಕಂಡೇ ಇಲ್ಲ. ಮೊದಲನೇ ದಿನ ಮೂರು ಮನೆಯವರು ಅಂಗಳಕ್ಕೆ ಬಂದು "ಯಾರು ಹೋದ್ರು ರೈಟ್ರೆ?" ಎಂದು ಕೇಳಿದರು. ಜೀಪಿನ ಹಮೀದ್ ಅಂತೂ ಪಕ್ಕದಲ್ಲೇ ಗಾಡಿ ಓಡಿಸುತ್ತ, "ಹತ್ತಿ ಮಾರಾಯ್ರೆ, ಎಂತಕ್ಕೆ ನಾಚಿಕೆ" ಎಂದು ಒಂದು ಮೈಲಿ ಬಂದ. ನಡೆದು ಹೋಗುವವರನ್ನು ಹತ್ತಿಸಿಕೊಳ್ಳದೆ ಹೋಗುವ ಜೀಪು ನಮ್ಮ ರಸ್ತೆಯಲ್ಲಿಲ್ಲ. ಇನ್ನು ಓಡುವವನನ್ನು ಬಿಡುತ್ತಾರೆಯೇ? ಕೊನೆಗೆ ನಾನೇ ಒಂದು ಉಪಾಯ ಕಂಡುಹಿಡಿದೆ. ಕೈಯಲ್ಲಿ ಒಂದು ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ಓಡತೊಡಗಿದೆ. ಡೈರಿಗೆ ಹೊತ್ತಾಯಿತು, ಪಾಪ, ಓಡುತ್ತಿದ್ದಾನೆ ಎಂದು ಜನ ಸುಮ್ಮನಾದರು. ಮುಚ್ಚಳ ಟಣಟಣ ಬಡಿಯುತ್ತಿತ್ತು, ನಾಯಿಗಳು ಹಿಂದೆ ಬರುತ್ತಿದ್ದವು, ಆದರೆ ಪ್ರಶ್ನೆಗಳು ನಿಂತವು. ನಮ್ಮ ಮನೆಯಲ್ಲಿ ಹಸುವೇ ಇಲ್ಲ ಎಂಬುದು ಐದು ತಿಂಗಳಾದರೂ ಯಾರಿಗೂ ಹೊಳೆದಿಲ್ಲ ಎಂದೇ ನಾನು ತಿಳಿದಿದ್ದೆ.

ಉಳಿದದ್ದು ರಜೆಯ ವಿಷಯ. ಜನವರಿ ಎಂದರೆ ಕಾಫಿ ಕೊಯ್ಲಿನ ಭರ. ಆಗ ರೈಟರು ರಜೆ ಕೇಳುವುದು ಮದುವೆಯ ದಿನ ಮದುಮಗ ರಜೆ ಕೇಳಿದ ಹಾಗೆ. ನಮ್ಮ ಧಣಿ ಮಂಜಪ್ಪಗೌಡರು ಎಪ್ಪತ್ತು ದಾಟಿದವರು, ಮಂಡಿನೋವು ಇದ್ದರೂ ದಿನಕ್ಕೊಮ್ಮೆ ತೋಟ ಸುತ್ತುವವರು, ನನ್ನ ಮೇಲೆ ಇವತ್ತಿನವರೆಗೆ ದನಿ ಎತ್ತಿದವರಲ್ಲ. ಅವರ ಮುಂದೆ ನಿಂತು 'ಚಡ್ಡಿ ಹಾಕಿಕೊಂಡು ಕಾಡಿನಲ್ಲಿ ಓಡಬೇಕು, ರಜೆ ಕೊಡಿ' ಎನ್ನಲು ನನಗೆ ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ. "ಹೊರನಾಡಿಗೆ ಒಂದು ಹರಕೆ ಇತ್ತು, ಭಾನುವಾರ ಮೊದಲನೇ ಬಸ್ಸಿಗೆ ಹೋಗ್ಬೇಕಿತ್ತು" ಎಂದೆ. ಗೌಡರು ಕೂಡಲೇ ಕನ್ನಡಕ ತೆಗೆದರು. "ಅಮ್ಮನವರ ಹರಕೆ ಅಂದ್ರೆ ನಾನ್ಯಾರು ಬೇಡ ಅನ್ನೋಕೆ? ಹೋಗಿ ಬನ್ನಿ. ನಂಗೂ ಒಂಚೂರು ಪ್ರಸಾದ ತನ್ನಿ. ಈ ಮಂಡಿ ಇಟ್ಕೊಂಡು ಎರಡು ವರ್ಷ ಆಯ್ತು ನಾನು ಆ ಕಡೆ ಹೋಗಿ" ಎಂದರು. ಅಲ್ಲಿಗೆ ನನ್ನ ಸುಳ್ಳು ದೊಡ್ಡದಾಯಿತು. ಸುಮಿತ್ರಳಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ದೇವ್ರ ಹೆಸ್ರಲ್ಲಿ ಸುಳ್ಳಾ? ಇದನ್ನಾದ್ರೂ ಅರ್ಧಕ್ಕೇ ನಿಲ್ಲಿಸ್ಬಾರ್ದಿತ್ತಾ" ಎಂದಳು.

ಆ ಭಾನುವಾರ ಬೆಳಿಗ್ಗೆ ಆರೂವರೆಗೆ ಬಾಳೂರಿನಲ್ಲಿ ಮಂಜು ಎಷ್ಟಿತ್ತೆಂದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಚಡ್ಡಿಯ ಮೇಲೆ ಸುತ್ತಿಕೊಂಡು ಬಂದಿದ್ದ ಪಂಚೆಯನ್ನು ಬಿಚ್ಚಿ ಹಮೀದನ ಜೀಪಿನಲ್ಲಿಟ್ಟೆ. ಮಂಕಿ ಕ್ಯಾಪ್ ಮಾತ್ರ ತೆಗೆಯಲಿಲ್ಲ, ಚಳಿಗೂ ಆಯಿತು, ಮುಖ ಮುಚ್ಚಿಕೊಳ್ಳುವುದಕ್ಕೂ ಆಯಿತು. ಎದೆಗೆ ನೂರಾ ಹದಿನೇಳು ಎಂಬ ನಂಬರು ಚುಚ್ಚಿಕೊಂಡೆ. ಸುತ್ತ ಬೆಂಗಳೂರು, ಮಂಗಳೂರಿನ ಮಂದಿ ಕಾಲು ಎತ್ತಿ ಇಳಿಸಿ ಮಾಡುತ್ತಿದ್ದರು. ಕೂತಲ್ಲಿ ಕೂರಲಾರದವರು ಇಷ್ಟೊಂದು ಜನ ಇದ್ದಾರಲ್ಲ ಎಂದು ನನಗೆ ತುಂಬ ಸಮಾಧಾನವಾಯಿತು. ಆಗ ಓಟ ನಡೆಸುವವರು ಮೈಕಿನಲ್ಲಿ ಹೇಳಿದರು: ಮೇಲಿನ ಕಾಡಿನ ಕಡೆ ಆನೆಗಳಿವೆಯಂತೆ, ಫಾರೆಸ್ಟಿನವರು ಆ ದಾರಿ ಬೇಡವೆಂದಿದ್ದಾರೆ, ಹದಿನಾಲ್ಕನೇ ಕಿಲೋಮೀಟರಿನ ನಂತರ ದಾರಿ ಬದಲಾಗಿದೆ, ಮಂಜಪ್ಪಗೌಡರ ತೋಟದೊಳಗಿಂದ ಹೋಗುತ್ತದೆ, ದೊಡ್ಡ ಮನಸ್ಸು ಮಾಡಿ ರಾತ್ರಿಯೇ ಫೋನಿನಲ್ಲಿ ಒಪ್ಪಿಗೆ ಕೊಟ್ಟ ಗೌಡರಿಗೆ ಧನ್ಯವಾದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಆ ದಾರಿಯ ಬದಿಗೇ ಇರುವುದು ಕೆರೆ ಬ್ಲಾಕು. ಭಾನುವಾರ ಕೆರೆ ಬ್ಲಾಕಿನಲ್ಲಿ ಕೊಯ್ಲು ಎಂದು ಹಿಂದಿನ ಸಂಜೆ ಗೊತ್ತುಮಾಡಿ ಬಂದವನು ನಾನೇ.

ವಾಪಸು ಹೋಗಿಬಿಡಬಹುದಿತ್ತು. ಆದರೆ ಐದು ತಿಂಗಳ ಕ್ಯಾನಿನ ಸದ್ದು ಕಿವಿಯಲ್ಲಿತ್ತು, ಸುಮಿತ್ರಳ ಪಟ್ಟಿಯೂ ನೆನಪಿನಲ್ಲಿತ್ತು. ಓಡಿದೆ. ಮೊದಲ ಹದಿನಾಲ್ಕು ಕಿಲೋಮೀಟರ್ ಕಾಡು ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ಮರದಿಂದ ಇಬ್ಬನಿ ತಟತಟ ಬೀಳುತ್ತಿತ್ತು, ಎಲ್ಲೋ ಹಳ್ಳದ ಸದ್ದು, ಒಂದು ಕಡೆ ಕಾಡುಕೋಳಿ ಅಡ್ಡ ಹಾಯಿತು, ಬೇರೆಯವರು ನಿಂತು ಫೋಟೋ ತೆಗೆಯುತ್ತಿದ್ದರು. ನನ್ನ ತಲೆಯಲ್ಲಿದ್ದದ್ದು ಒಂದೇ ಲೆಕ್ಕಾಚಾರ: ನಮ್ಮವರು ತೋಟಕ್ಕೆ ಇಳಿಯುವುದು ಎಂಟು ಗಂಟೆಗೆ, ಅಷ್ಟರೊಳಗೆ ಕೆರೆ ಬ್ಲಾಕು ದಾಟಿದರೆ ಬದುಕಿದೆ. ಮುಂದಿದ್ದವರೆಲ್ಲ ಎಂಟಕ್ಕೆ ಮೊದಲೇ ದಾಟಿಯೂ ಬಿಟ್ಟರು. ನಾನು ಅಲ್ಲಿಗೆ ಮುಟ್ಟುವಾಗ ಎಂಟೂವರೆ. ನನ್ನ ಹಿಂದೆ ಉಳಿದಿದ್ದವರು ಇಬ್ಬರೇ, ಅವರೂ ಕಾಣುವಷ್ಟು ಹತ್ತಿರ ಇರಲಿಲ್ಲ.

ಈಗ ಒಂದು ವಿಷಯ ಗಮನಿಸಬೇಕು. ತೋಟದೊಳಗೆ ಓಟವಿದೆ ಎಂದು ಕೆಲಸದವರಿಗೆ ಯಾರೂ ಹೇಳಿರಲಿಲ್ಲ. ಯಾಕೆಂದರೆ ಗೌಡರ ಮಾತನ್ನು ಕೆಲಸದವರಿಗೆ ಮುಟ್ಟಿಸುವವನು ರೈಟರು, ಆ ರೈಟರು ರಜೆಯಲ್ಲಿದ್ದ. ಮಂಕಿ ಕ್ಯಾಪನ್ನು ಮೂಗಿನವರೆಗೆ ಎಳೆದುಕೊಂಡು, ತಲೆ ತಗ್ಗಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಕೆರೆ ಬ್ಲಾಕಿನ ತಿರುವಿಗೆ ನುಗ್ಗಿದೆ. ಎರಡೂ ಬದಿಯಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡ ಹೆಂಗಸರು ಹಣ್ಣು ಬಿಡಿಸುತ್ತಿದ್ದರು. ಮುಖ ಮುಚ್ಚಿಕೊಂಡರೆ ಏನು ಬಂತು? ನನ್ನ ಎಡಗಾಲು ಹೊರಕ್ಕೆ ಎಸೆದ ಹಾಗೆ ಹೋಗುತ್ತದೆ, ಹತ್ತೊಂಬತ್ತು ವರ್ಷದಿಂದ ಅದನ್ನು ಅವರು ನೋಡುತ್ತಿದ್ದಾರೆ. ಕೊಯ್ಲಿನವರಲ್ಲೆಲ್ಲ ಹಿರಿಯಳಾದ ಗಿರಿಜಕ್ಕ ಕೈಯಲ್ಲಿದ್ದ ಕೊಂಬೆ ಬಿಟ್ಟು ಕೂಗಿದಳು: "ಅಯ್ಯಯ್ಯೋ, ರೈಟ್ರು ಕಣ್ರೇ! ರೈಟ್ರು ಓಡ್ತಾವ್ರೆ!" ರೈಟರು ಓಡುತ್ತಿದ್ದಾರೆ ಎಂದರೆ ನಮ್ಮ ತೋಟದಲ್ಲಿ ಅದಕ್ಕೆ ಒಂದೇ ಅರ್ಥ. "ಆನೆ!" ಎಂದು ಯಾರೋ ಕಿರುಚಿದರು. ಆಮೇಲೆ ಚೀಲ, ಬುತ್ತಿ, ಕೊಡೆ ಎಲ್ಲ ಬಿಟ್ಟು ಮೂವತ್ತು ಜನ ನನ್ನ ಹಿಂದೆ.

ನಿಂತು ಹೇಳಬೇಕಿತ್ತು. ಇವತ್ತಿಗೂ ನನಗೆ ನಾಚಿಕೆಯಾಗುವುದು ಅದಕ್ಕೇ. ಆದರೆ ನಿಂತರೆ ಸಿಕ್ಕಿಬಿದ್ದೆ ಎಂಬ ಹೆದರಿಕೆ ನನ್ನನ್ನು ಇನ್ನೂ ಜೋರಾಗಿ ಓಡಿಸಿತು. ನಾನು ಜೋರಾದಷ್ಟೂ ಅವರೂ ಜೋರಾದರು. ಕೊಯ್ಲಿನವರನ್ನು ನೋಡಿಕೊಳ್ಳುವ ಚಂದ್ರ ಮೇಸ್ತ್ರಿ ಮೇಲಿನ ದಂಡೆಯಿಂದ "ರೈಟ್ರೆ, ಎಷ್ಟಿದಾವೆ?" ಎಂದು ಕೂಗಿ ಕೇಳಿದ. ಏನಿಲ್ಲ, ಏನಿಲ್ಲ ಎಂದು ಹಿಂದಕ್ಕೆ ನೋಡದೆ ಕೈ ಎತ್ತಿ ಬೀಸಿದೆ. ಬೀಸುವಾಗ ಐದೂ ಬೆರಳು ಬಿಚ್ಚಿಕೊಂಡಿದ್ದವು. "ಐದಂತೆ! ಐದಿದಾವಂತೆ!" ಎಂದು ಮೇಸ್ತ್ರಿ ಸಾರಿದ. ಗೋಡೌನಿನ ಕಡೆಯ ಕವಲು ಬಂದಾಗ ಅವರೆಲ್ಲ ಅತ್ತ ತಿರುಗಿ ಒಳಗೆ ಸೇರಿ ಬಾಗಿಲು ಹಾಕಿಕೊಂಡರು, ನಾನು ಇತ್ತ ತಿರುಗಿ ಬೇಲಿ ಹಾರಿದೆ. ಹಾರುವಾಗ ಮಂಕಿ ಕ್ಯಾಪ್ ಒಂದು ಸಿಲ್ವರ್ ಮರದ ರೆಂಬೆಗೆ ಸಿಕ್ಕಿ ಅಲ್ಲೇ ಉಳಿಯಿತು. ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ.

ಮುಂದಿನ ಎಂಟು ಕಿಲೋಮೀಟರ್ ಹೇಗೆ ಓಡಿದೆನೋ ನನಗೇ ಗೊತ್ತಿಲ್ಲ. ಇಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಶಾಮಿಯಾನ ಹಾಕಿ ನೀರು, ಬಾಳೆಹಣ್ಣು ಇಟ್ಟಿದ್ದರು. ಬಹಳ ಜನ ಅಲ್ಲಿ ಕೂತಿದ್ದರು. ನಾನು ಬಾಳೆಹಣ್ಣು ಹಿಡಿದು ಮುಂದಕ್ಕೆ ಹೊರಟರೆ, ಓಟ ನಡೆಸುವವರ ಪೈಕಿ ಒಬ್ಬ ಹುಡುಗಿ ಅಡ್ಡ ಬಂದಳು. "ಮುಂದೆ ಹೋಗೋ ಹಾಗಿಲ್ಲ ಸಾರ್, ಓಟ ನಿಲ್ಸಿದೀವಿ. ಆನೆ ಎಲ್ಲಿದೆ ಅಂತ ತಿಳಿಸೋ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದಿದೆ. ಹಿಂದೆ ತೋಟದಲ್ಲಿ ಐದು ಆನೆ, ಒಂದು ಮರಿಯಂತೆ, ಈ ಕಡೆನೇ ಇಳೀತಿದಾವಂತೆ. ಅಲ್ಲಿನ ರೈಟ್ರೇ ಕಣ್ಣಾರೆ ನೋಡಿದಾರಂತೆ." ನಾನು ಬಾಳೆಹಣ್ಣನ್ನು ಸಿಪ್ಪೆ ಸಮೇತ ಕಚ್ಚಿದೆ. ಕುರ್ಚಿಯೊಂದನ್ನು ತೋರಿಸಿ ಕೂರಿಸಿದರು. ಕಾಲು ಎಂದಿನಂತೆ ಶುರುವಾಯಿತು. ಕಳಸಕ್ಕೆ ಹತ್ತೇ ಕಿಲೋಮೀಟರ್! ನನ್ನ ಜೀವಮಾನದಲ್ಲಿ ಯಾವ ಕೆಲಸದಲ್ಲೂ ನಾನು ಇಷ್ಟು ದೂರ ಬಂದವನಲ್ಲ, ಅಂಥದ್ದರಲ್ಲಿ ನಾನೇ ಹುಟ್ಟಿಸಿದ ಆನೆ ನನಗೇ ಅಡ್ಡ ನಿಂತಿತ್ತು. ಆನೆ ಇಲ್ಲವೆಂದರೆ ನಾನು ಯಾರೆಂದು ಹೇಳಬೇಕು. ನಾನು ಯಾರೆಂದು ಹೇಳಿದರೆ ಹೊರನಾಡು, ಹರಕೆ, ಹತ್ತೊಂಬತ್ತು ವರ್ಷದ ನಂಬಿಕೆ ಎಲ್ಲ ಮಣ್ಣುಪಾಲು. ಪಕ್ಕದಲ್ಲಿ ಕೂತಿದ್ದ ಮಂಗಳೂರಿನ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ಆ ರೈಟರ್ ಯಾರೋ ಪುಣ್ಯಾತ್ಮ. ತನ್ನ ಜೀವ ಲೆಕ್ಕಿಸದೆ ಅಷ್ಟು ಜನರನ್ನು ಉಳಿಸಿದ್ದಾನೆ ಮಾರಾಯ್ರೆ" ಎಂದರು. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದುಹೋಗಿ ಆ ಹುಡುಗಿಗೆ, "ಅಲ್ಲಿ ಆನೆ ಇಲ್ಲಮ್ಮ. ಆ ರೈಟರು ನಾನೇ" ಎಂದೆ. ಅವಳು ನನ್ನನ್ನು ಮರುಕದಿಂದ ನೋಡಿದಳು. "ಕೂತ್ಕೊಳ್ಳಿ ಸಾರ್. ಮೈಯಲ್ಲಿ ನೀರು ಕಮ್ಮಿ ಆದ್ರೆ ಹೀಗೆಲ್ಲ ಅನ್ಸುತ್ತೆ" ಎಂದು ಗ್ಲೂಕೋಸ್ ಕೈಗಿಟ್ಟಳು.

ಗ್ಲೂಕೋಸು ಮುಗಿಯುವಷ್ಟರಲ್ಲಿ ಗೌಡರ ಜೀಪು ಬಂತು. ಚಂದ್ರ ಮೇಸ್ತ್ರಿ ಓಡಿಸುತ್ತಿದ್ದ. ಗೌಡರು ಬಾಗಿಲು ಹಿಡಿದು ಒಂದೊಂದೇ ಕಾಲು ಊರಿ ಇಳಿದರು. ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ನನ್ನ ಮಂಕಿ ಕ್ಯಾಪು. ಮಂಡಿಯವರೆಗೂ ಕೆಸರು ಮೆತ್ತಿಕೊಂಡಿತ್ತು. ನನ್ನನ್ನು ಕಂಡವರೇ ಹತ್ತಿರ ಬಂದು ಮೊದಲು ಭುಜ ಮುಟ್ಟಿದರು, ಆಮೇಲೆ ಕೈ ಮುಟ್ಟಿದರು. "ಇದೀರಲ್ಲ ರೈಟ್ರೆ. ಇದೀರಲ್ಲ" ಎಂದರು. ಮೇಸ್ತ್ರಿ ಸುತ್ತ ಇದ್ದವರಿಗೆಲ್ಲ ವಿವರಿಸಿದ: ರೈಟರು ಹೊರನಾಡಿನ ಬಸ್ಸಿಗೆ ಒಳದಾರಿಯಲ್ಲಿ ಹೋಗುತ್ತಿದ್ದರಂತೆ, ಆನೆ ಅಟ್ಟಿಸಿಕೊಂಡು ಬಂದು ಪಂಚೆ ಕಿತ್ತಿತಂತೆ, ಅದಕ್ಕೇ ಚಡ್ಡಿಯಲ್ಲಿ ಓಡಿದ್ದಂತೆ. "ಟೋಪಿ ಸಿಕ್ತು, ನೀವು ಸಿಗ್ಲಿಲ್ಲ. ನಾವು ಬೇಡ ಅಂದ್ರೂ ಕೇಳ್ದೆ ಗೌಡ್ರು ಕೆರೆ ಬ್ಲಾಕು ಪೂರ್ತಿ ನಿಮ್ಮ ಹೆಸ್ರು ಕೂಗ್ತಾ ಹುಡುಕಿದ್ರು. ಆಮೇಲೆ ನೀವು ಬೇಲಿ ಹಾರಿದ ದಾರಿ ಹಿಡ್ಕೊಂಡು ಬಂದ್ವಿ" ಎಂದ. ಗೌಡರು ಕಂಬಳಿಯನ್ನು ನನಗೆ ಹೊದಿಸುತ್ತ, "ಸುಮಿತ್ರಮ್ಮಂಗೆ ಹೋಗಿ ಎಂತ ಹೇಳೋದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ತಾ ಬಂದೆ" ಎಂದರು. ಆನೆಗಳಿವೆ ಎಂದು ನಂಬಿಕೊಂಡೇ ಆ ಮುದುಕ, ಆ ಮಂಡಿ ಇಟ್ಟುಕೊಂಡು, ನನ್ನನ್ನು ಹುಡುಕಲು ತೋಟಕ್ಕೆ ಇಳಿದಿದ್ದರು. ನನಗೆ ಅಳು ಬಂತು. ಎಲ್ಲರೆದುರಿಗೇ ಬಂತು.

ಹೇಳಿಬಿಟ್ಟೆ. ಆನೆ ಇಲ್ಲ, ಹರಕೆ ಇಲ್ಲ, ಪಂಚೆ ಹಮೀದನ ಜೀಪಿನಲ್ಲಿದೆ, ಓಡಬೇಕೆಂದು ಸುಳ್ಳು ಹೇಳಿದೆ, ಎಲ್ಲ. ಗೌಡರು ಕಂಬಳಿ ಸರಿಸಿ ನನ್ನ ಎದೆಯ ಮೇಲಿನ ನೂರಾ ಹದಿನೇಳನ್ನು ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಫೋನು ತೆಗೆದು ಫಾರೆಸ್ಟಿನವರ ಜೊತೆ ತಾವೇ ಮಾತಾಡಿ, "ನಮ್ಮಿಂದ ತಪ್ಪಾಯ್ತು, ಆನೆ ಇಲ್ಲ" ಎಂದರು. ನಮ್ಮಿಂದ ಎಂದರು, ನನ್ನ ರೈಟರಿಂದ ಎನ್ನಲಿಲ್ಲ. ಐದೇ ನಿಮಿಷಕ್ಕೆ ಸೀಟಿ ಊದಿ ಎಲ್ಲರನ್ನೂ ಬಿಟ್ಟರು. ಗೌಡರು ನನ್ನ ಕಡೆ ತಿರುಗಿ, "ನಮ್ಮ ಹೆಂಗಸ್ರು ಗೋಡೌನಿನೊಳಗೆ ಬಾಗ್ಲು ಹಾಕ್ಕೊಂಡು ಕೂತಿದಾರೆ. ಯಾರು ಹೇಳಿದ್ರೂ ಹೊರಗೆ ಬರ್ತಿಲ್ಲ. ಓಡೋದಾದ್ರೆ ಓಡಿ ರೈಟ್ರೆ, ನಾನೇನೂ ತಡಿಯಲ್ಲ" ಎಂದರು. ಮುಂದೆ ಕಳಸದ ದಾರಿಯಲ್ಲಿ ಬಣ್ಣಬಣ್ಣದ ಬನಿಯನ್ನುಗಳು ತಿರುವಿನಲ್ಲಿ ಮರೆಯಾಗುತ್ತಿದ್ದವು. ಬಹಳ ಹೊತ್ತು ನೋಡಿದೆ. ನಂಬರು ಬಿಚ್ಚಿ ಕಂಬಳಿಯೊಳಗೆ ಸಿಕ್ಕಿಸಿಕೊಂಡು ಜೀಪು ಹತ್ತಿದೆ.

ಗೋಡೌನಿನ ಬಾಗಿಲಲ್ಲಿ ನಿಂತು, ಚಡ್ಡಿಯಲ್ಲೇ, ಮೂವತ್ತು ಜನರ ಮುಂದೆ ಇದ್ದದ್ದನ್ನೆಲ್ಲ ಹೇಳಿದೆ. ಗಿರಿಜಕ್ಕ ಒಪ್ಪಲೇ ಇಲ್ಲ. "ನೀವು ನೋಡ್ಲಿಲ್ಲ ಅಂದ್ರೆ ಇರ್ಲಿಲ್ಲ ಅಂತಲಾ? ಮರಿ ನನ್ನ ಬುತ್ತಿ ಹತ್ರನೇ ಬಂದಿತ್ತು" ಎಂದಳು. ಯಾರೂ ಮುಟ್ಟದೆ ಹಾಗೇ ಇದ್ದ ಬುತ್ತಿ ತರಿಸಿ ತೋರಿಸಿದ ಮೇಲೆ ಸ್ವಲ್ಪ ಮೆತ್ತಗಾಗಿ, ಒಂದು ನ್ಯಾಯವಾದ ಪ್ರಶ್ನೆ ಕೇಳಿದಳು: "ಸರಿ, ನೀವು ಸುಮ್ನೆ ಓಡೋರು ಅಂತ ಆಯ್ತು. ನಾಳೆ ನಿಜವಾಗ್ಲೂ ಆನೆ ಬಂದು ನೀವು ಓಡಿದ್ರೆ, ನಮಗೆ ಹೆಂಗೆ ಗೊತ್ತಾಗ್ಬೇಕು?" ಉತ್ತರ ಹೊಳೆದದ್ದು ಚಂದ್ರ ಮೇಸ್ತ್ರಿಗೆ. ಐದು ತಿಂಗಳಿಂದ ಅವನು ನನ್ನ ಹಾಲಿನ ಕ್ಯಾನನ್ನು ನೋಡಿದ್ದ, ನಮ್ಮ ಮನೆಯಲ್ಲಿ ಹಸುವಿಲ್ಲ ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಅಂದೇ ಸರ್ವಾನುಮತದಿಂದ ತೀರ್ಮಾನವಾಯಿತು: ಕ್ಯಾನು ಹಿಡಿದು ಓಡಿದರೆ ರೈಟರ ಹುಚ್ಚು, ಕ್ಯಾನಿಲ್ಲದೆ ಓಡಿದರೆ ಆನೆ.

ಗೌಡರು ತಮ್ಮ ತೀರ್ಪನ್ನು ಸಂಜೆ ಹೇಳಿದರು. "ಅಮ್ಮನವರ ಹೆಸರು ಬಾಯಲ್ಲಿ ಬಂದ್ಮೇಲೆ ಅದು ಹರಕೆನೇ. ಬರೋ ಭಾನುವಾರ ರಜ. ಓಡೋ ಆಸೆ ಅಲ್ವಾ? ಇಲ್ಲಿಂದ ಹೊರನಾಡಿಗೆ ಓಡ್ಕೊಂಡೇ ಹೋಗಿ. ಪ್ರಸಾದ ಮರೀಬೇಡಿ." ಹಾಗಾಗಿ ಮರುವಾರ ಕ್ಯಾನು ಹಿಡಿದು ತೋಟದಿಂದಲೇ ಹೊರಟೆ. ಕೆರೆ ಬ್ಲಾಕಿನಲ್ಲಿ ಹೆಂಗಸರು ತಲೆ ಎತ್ತಿ ನೋಡಿ, ಕ್ಯಾನು ಕಂಡು, ಮತ್ತೆ ಹಣ್ಣು ಬಿಡಿಸತೊಡಗಿದರು. ತೋಟದಿಂದ ಕಳಸಕ್ಕೆ ಹದಿನೆಂಟು ಕಿಲೋಮೀಟರ್, ಹೊರನಾಡು ಅದರಿಂದಲೂ ಆಚೆ. ಹಿಂದಿನ ವಾರ ಬಾಳೂರಿನಿಂದ ತೋಟದವರೆಗೆ ಓಡಿದ್ದ ಹದಿನಾಲ್ಕು ಸೇರಿಸಿದರೆ ಸರಿಯಾಗಿ ಮೂವತ್ತೆರಡು. ದಾರಿಯುದ್ದಕ್ಕೂ ಇದೇ ಕೂಡಿಸುತ್ತ ಓಡಿದೆ. ಇವತ್ತು ಒಂದನ್ನು ಮುಗಿಸುತ್ತೇನೆ, ಮುಗಿಸಿ ಸುಮಿತ್ರಳ ಪಟ್ಟಿಗೆ ಅಡ್ಡಗೆರೆ ಎಳೆಯುತ್ತೇನೆ ಎಂದು ಕೊನೆಯ ಏರಿನಲ್ಲಿ ಎದೆ ಹಾರುತ್ತಿದ್ದರೂ ನಿಲ್ಲಲಿಲ್ಲ. ಕಳಸದ ಬಸ್‌ಸ್ಟ್ಯಾಂಡು ಕಂಡಾಗ ಕಣ್ಣು ಮಂಜಾಯಿತು. ಓಟದ ಕಮಾನು ನಿಲ್ಲಿಸಿದ್ದ ಎರಡು ಗುಂಡಿಗಳು ಇನ್ನೂ ಹಾಗೇ ಇದ್ದವು. ಅವುಗಳ ನಡುವೆ ಎರಡೂ ಕೈ ಮೇಲೆತ್ತಿ, ಟಣಟಣ ಎನ್ನುತ್ತ ನುಗ್ಗಿದೆ. ಎದುರಿಗೆ ನಿಂತಿದ್ದ ಬಸ್ಸಿನ ಕಂಡಕ್ಟರು ಕೈ ತೋರಿಸಿ ಕೂಗಿದ: "ನಿಧಾನ, ಹಾಲಿನವ್ರೆ, ನಿಧಾನ! ಕೈ ಎತ್ತೋದು ಬೇಡ, ನೋಡಿದೀನಿ. ಬಸ್ಸು ಹೊರಡೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಹೊರನಾಡಿಗೆ ಅಲ್ವಾ?"

ಮೂವತ್ತೆರಡು ಕಿಲೋಮೀಟರ್ ಓಟ ಮುಗಿಸಿದವನು ನಾನು ಎಂದು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಉಸಿರು ಸಿಗಲಿಲ್ಲ. ಅವನು ಕ್ಯಾನು ಇಸಿದುಕೊಂಡು ಸೀಟಿನ ಕೆಳಗಿಟ್ಟ. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಇಪ್ಪತ್ತು ನಿಮಿಷವಲ್ಲ, ಮೂವತ್ತೈದು ನಿಮಿಷ ನಿಂತಿತ್ತು. ಅಷ್ಟು ಹೊತ್ತೂ ನನ್ನ ಎರಡು ಕಾಲೂ ಒಂದು ಸಲವೂ ಅಲ್ಲಾಡಲಿಲ್ಲ.

ಸಂಜೆ ಹಾಲಿನ ಕ್ಯಾನಿನಲ್ಲಿ ಭದ್ರವಾಗಿ ತಂದ ಪ್ರಸಾದವನ್ನು ಗೌಡರ ಮುಂದಿಟ್ಟೆ. ಅವರು ಕಣ್ಣಿಗೊತ್ತಿಕೊಂಡು, "ಪೂರ್ತಿ ಓಡಿದ್ರಾ?" ಎಂದು ಕೇಳಿದರು. ಹೌದು ಎನ್ನುವುದು ಎಷ್ಟು ಸುಲಭವಿತ್ತು! "ಕಳಸದವರೆಗೆ ಓಡಿದೆ. ಆಮೇಲೆ ಬಸ್ಸು" ಎಂದೆ. ಗೌಡರು ಜೋರಾಗಿ ನಕ್ಕರು, ಬಾಯಿಗೆ ಹಾಕಿಕೊಂಡ ಪ್ರಸಾದ ನೆತ್ತಿಗೇರುವಷ್ಟು ನಕ್ಕರು. ಮನೆಗೆ ಬಂದು ಸುಮಿತ್ರಳಿಗೂ ಇದ್ದದ್ದು ಇದ್ದ ಹಾಗೆ ಹೇಳಿ, ಓಟವನ್ನಂತೂ ಮುಗಿಸಿದೆ ನೋಡು ಎಂದು ಎದೆ ಉಬ್ಬಿಸಿ ಕೂತೆ. ಅವಳು ಬಿಸಿನೀರಿನ ಬಕೆಟ್ಟನ್ನು ನನ್ನ ಕಾಲ ಹತ್ತಿರ ಇಟ್ಟು, "ಅಂದ್ರೆ ಹರಕೆನೂ ಅರ್ಧಕ್ಕೇ ಬಿಟ್ರಿ" ಎಂದಳು.